ಮೂರು ಮಳೆಗಾಲ ಕಂಡ 161 ಆಟದ ಕ್ಯಾಸೆಟ್

ಜುಲೈ ಬಂತು ಅಂದರೆ ನಮ್ಮ ಜಗಲಿಯ ವಿಡಿಯೊ ಗೇಮ್ ಪೆಟ್ಟಿಗೆಯಲ್ಲಿ ಗೋಲಿಗಳ ಮೇಲೆ ಗೆರೆ ಬೀಳುತ್ತಿತ್ತು. ಕೆಂಪು ಗೋಲಿಯ ಮೇಲೆ ಎರಡು ತೆಳು ಗೆರೆ, ನೀಲಿ ಗೋಲಿಯ ಮೇಲೂ ಎರಡು. ಮೊದಲು ಕಂಡದ್ದು ಅಮ್ಮನಿಗೆ. ಬಣ್ಣದ ಗೋಲಿ ಸೇರಿಸಿ ಒಡೆಯುವ ‘ಪಜಲ್ ಬಾಬಲ್’ ಆಡುತ್ತಾ ಕೂತಿದ್ದವರು ಒಳಗೆ ಬಂದು, "ಗೋಲಿಗೆಲ್ಲ ಪಟ್ಟೆ ಬಂದಿದೆ ನೋಡು ಮಗ, ಕಣ್ಣಿಗೆ ಒಂಥರಾ ಆಗ್ತದೆ" ಎಂದರು. ಆ ಎರಡು ಗೆರೆ ಎಲ್ಲಿಂದ ಬಂತು ಅಂತ ಹುಡುಕಲು ನನಗೆ ಎರಡು ಮಳೆಗಾಲ ಹಿಡಿಯಿತು. ಈಗ ಮೂರನೆಯದೂ ಮುಗಿಯುತ್ತಾ ಬಂದಿದೆ. ಇಷ್ಟು ದಿನ ಬಳಸಿದ ಮೇಲೆ ಈ ಕ್ಯಾಸೆಟ್ ಬಗ್ಗೆ ನಾಲ್ಕು ಮಾತು ಹೇಳಬಹುದು ಅನ್ನಿಸಿತು.

ನಾನು ಹೇಳುತ್ತಿರುವುದು ನಿಯೋ ಜಿಯೋ ಎಂವಿಎಸ್‌ಗೆ ಸಿಗುವ ‘161 ಇನ್ 1’ ಕ್ಯಾಸೆಟ್. ಎಂವಿಎಸ್ ಅಂದರೆ ಎಸ್‌ಎನ್‌ಕೆ ಕಂಪನಿ 1990ರಲ್ಲಿ ಗೇಮ್ ಅಂಗಡಿಗಳಿಗಾಗಿ ತಂದ ಸರ್ಕ್ಯೂಟ್ ಬೋರ್ಡ್. ಆಟ ಬದಲಾಯಿಸಲು ಇಡೀ ಬೋರ್ಡ್ ಬಿಚ್ಚಬೇಕಿಲ್ಲ, ಕ್ಯಾಸೆಟ್ ಬದಲಾಯಿಸಿದರೆ ಸಾಕು. ನನ್ನದು ಒಂದೇ ಸ್ಲಾಟ್ ಇರುವ ಎಂವಿ-1 ಬೋರ್ಡ್. ಮುಚ್ಚಿಹೋದ ಗೇಮ್ ಅಂಗಡಿಯೊಂದರ ಪೆಟ್ಟಿಗೆ, ಮಾನಿಟರ್ ಸಮೇತ ಅದನ್ನು ಕೊಡಗಿನ ಸುಂಟಿಕೊಪ್ಪದ ಮನೆಗೆ ತಂದೆ. ಒಂದೊಂದು ಆಟದ ಒರಿಜಿನಲ್ ಕ್ಯಾಸೆಟ್ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ. ಮೋಟರ್ ವೈಂಡಿಂಗ್ ಕೆಲಸ ನನ್ನದು. ಕಾಫಿ ಕೊಯ್ಲು ಮುಗಿದು ತೋಟಕ್ಕೆ ನೀರು ಹಾಯಿಸುವ ಕಾಲದಲ್ಲಿ ಪಂಪ್‌ಸೆಟ್ ಸುಟ್ಟು ಬಂದರೆ ನಾಲ್ಕು ಕಾಸು, ಉಳಿದ ತಿಂಗಳು ಕೈ ಹಿಡಿತ. ಅದಕ್ಕೇ ಈ ಒಂದು ಕ್ಯಾಸೆಟ್. ಹೊರದೇಶದಿಂದ ತರಿಸಿದ್ದು, ಕಸ್ಟಮ್ಸ್ ಎಲ್ಲಾ ಸೇರಿ 8,200 ರೂಪಾಯಿ ಆಯಿತು. ಇದು ಎಸ್‌ಎನ್‌ಕೆ ಮಾಡಿದ್ದಲ್ಲ, ಅನುಮತಿ ಇಲ್ಲದೆ ಯಾರೋ ಮಾಡಿದ ಮಾಲು. ಕೊಳ್ಳುವವರಿಗೆ ಇದು ಮೊದಲೇ ತಿಳಿದಿರಬೇಕು. ವಾರಂಟಿ ಅನ್ನುವ ಮಾತೇ ಇಲ್ಲ.

ಆಟಗಳ ಪಟ್ಟಿ ನೀವು ಆಗಲೇ ನೋಡಿರುತ್ತೀರಿ, ಇಲ್ಲಿ ಬರೆಯುವುದಿಲ್ಲ. 161ರಲ್ಲಿ ‘ಕಿಂಗ್ ಆಫ್ ಫೈಟರ್ಸ್’ ಆಟವನ್ನೇ ತಿದ್ದಿ ಬೇರೆ ಹೆಸರಿಟ್ಟವು ಸುಮಾರಿವೆ. ನಮಗೆ ಬೇಕಾದ ‘ಕಿಂಗ್ ಆಫ್ ಫೈಟರ್ಸ್ 97’ ಇದೆ, ‘ಮೆಟಲ್ ಸ್ಲಗ್’ ಇದೆ, ‘ಸಮುರಾಯ್ ಶೋಡೌನ್’ ಇದೆ, ಸಾಕು. ಅಕ್ಕನ ಮಗ ಬಂದವನೇ "ಮಾಮಾ, ಮುಸ್ತಫಾ ಆಟ ಇಲ್ವಾ?" ಅಂತ ಕೇಳಿದ. ಇಲ್ಲ. ಅದು ಕ್ಯಾಪ್‌ಕಾಮ್‌ನವರ ‘ಕ್ಯಾಡಿಲ್ಯಾಕ್ಸ್ ಆ್ಯಂಡ್ ಡೈನೋಸಾರ್ಸ್’, ಅದರ ಬೋರ್ಡೇ ಬೇರೆ. ಈ ಕ್ಯಾಸೆಟ್‌ನಲ್ಲಿ ಬರುವುದಿಲ್ಲ. ಅದೇ ಆಸೆಯಿಂದ ಕೊಳ್ಳುವವರಿದ್ದರೆ ಈಗಲೇ ಬಿಟ್ಟುಬಿಡಿ.

ಮೊದಲ ದಿನವೇ ಬೇಜಾರಾಯಿತು. ಕ್ಯಾಸೆಟ್ ಸ್ಲಾಟ್‌ಗೆ ಇಳಿಯಲೇ ಇಲ್ಲ. ಜೋರಾಗಿ ಒತ್ತಲು ಮನಸ್ಸು ಬರಲಿಲ್ಲ, ಬಿಚ್ಚಿ ನೋಡಿದೆ. ಒಳಗೆ ಎರಡು ಬೋರ್ಡ್ ಇರುತ್ತವೆ. ಸ್ಲಾಟ್‌ಗೆ ಹೋಗುವ ಅಂಚನ್ನು ಒರಿಜಿನಲ್ ಕ್ಯಾಸೆಟ್‌ನಲ್ಲಿ ಓರೆಯಾಗಿ ಉಜ್ಜಿರುತ್ತಾರೆ, ಪಿನ್‌ಗಳ ನಡುವೆ ಮೆತ್ತಗೆ ಜಾರಿ ಹೋಗಲಿ ಅಂತ. ಇದರಲ್ಲಿ ಕತ್ತರಿಸಿದ ಹಾಗೆಯೇ ಬಿಟ್ಟಿದ್ದಾರೆ, ಬೆರಳಿಗೆ ಚುಚ್ಚುವಷ್ಟು ಚೂಪು. ಹೀಗೇ ಹತ್ತು ಸಲ ಒತ್ತಿದ್ದರೆ ಮೂವತ್ತು ವರ್ಷ ಹಳೆಯ ಸ್ಲಾಟ್‌ನ ಪಿನ್ ಬಗ್ಗಿ ಹೋಗುತ್ತಿತ್ತು. ಕ್ಯಾಸೆಟ್ ಇನ್ನೊಂದು ಸಿಗಬಹುದು, ಆ ಸ್ಲಾಟ್ ಎಲ್ಲಿಂದ ತರುವುದು? 400 ನಂಬರಿನ ಎಮರಿ ಪೇಪರನ್ನು ಒಂದು ಮರದ ಪಟ್ಟಿಗೆ ಅಂಟಿಸಿ, ಅಂಚನ್ನು ಎರಡೂ ಕಡೆಯಿಂದ ಓರೆಯಾಗಿ ಉಜ್ಜಿದೆ. ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಟೇಪ್ ಹಾಕಿಕೊಂಡೇ ಉಜ್ಜಿ, ಕೊನೆಗೆ ಪುಡಿ ಪೂರ್ತಿ ಒರೆಸಿ. ಆ ಪುಡಿ ಮೂಗಿಗೆ ಹೋಗಬಾರದು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಅರ್ಧ ಗಂಟೆಯ ಕೆಲಸ. ನೀವು ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿಯೇ ಕ್ಯಾಸೆಟ್ ಹಾಕಿ.

ಆಮೇಲೆ ಶುರುವಾಯಿತು ನಿಂತುಬಿಡುವ ಕಾಟ. ಮೆನು ಬರುತ್ತದೆ, ಆಟ ಶುರುವಾಗುತ್ತದೆ, ಹತ್ತು ನಿಮಿಷಕ್ಕೆ ಚಿತ್ರ ನಿಂತು ಮತ್ತೆ ಮೊದಲಿನಿಂದ. ಈ ಬೋರ್ಡ್‌ನಲ್ಲಿ ವಾಚ್‌ಡಾಗ್ ಅಂತ ಒಂದು ಕಾವಲು ಇದೆ. ಪ್ರೋಗ್ರಾಂ ದಾರಿ ತಪ್ಪಿದರೆ ಅದೇ ರಿಸೆಟ್ ಮಾಡುತ್ತದೆ. ಮಾರಿದವರಿಗೆ ಬರೆದೆ, "ನಿಮ್ಮ ಬೋರ್ಡ್ ಕೆಟ್ಟಿದೆ" ಅಂತ ಒಂದೇ ಸಾಲು ಬಂತು. ಆದರೆ ಗೆಳೆಯನೊಬ್ಬನ ಹತ್ತಿರ ತಂದ ಒರಿಜಿನಲ್ ಕ್ಯಾಸೆಟ್ ಹಾಕಿದರೆ ಇಡೀ ಸಂಜೆ ಆರಾಮಾಗಿ ಓಡುತ್ತಿತ್ತು. ಸರಿ, ಕ್ಯಾಸೆಟ್ಟೇ ದಂಡ ಅಂದುಕೊಂಡೆ. ನಮ್ಮ ಕಡೆ ಸಂಜೆ ವೋಲ್ಟೇಜ್ ಇಳಿಯುವುದು ಗೊತ್ತಲ್ವಾ, ಇರಲಿ ಅಂತ 2,400 ಕೊಟ್ಟು ಸ್ಟೆಬಿಲೈಸರ್ ಕೂಡ ಹಾಕಿದೆ. ಏನೂ ಬದಲಾಗಲಿಲ್ಲ. ಪವರ್ ಸಪ್ಲೈ ಹತ್ತಿರ ಮಲ್ಟಿಮೀಟರ್ ಇಟ್ಟರೆ 5.02 ವೋಲ್ಟ್, ಒಂಚೂರೂ ಆಚೀಚೆ ಇಲ್ಲ.

ತಿಂಗಳುಗಟ್ಟಲೆ ಹೀಗೇ ಹೋಯಿತು. ಒಂದು ದಿನ ಪಂಪ್‌ಸೆಟ್ ನೋಡಲು ತೋಟಕ್ಕೆ ಹೋಗಿದ್ದೆ. ಮೀಟರ್ ಬೋರ್ಡ್ ಹತ್ತಿರ ವೋಲ್ಟೇಜ್ ಸರಿಯಾಗಿದೆ, ಇನ್ನೂರು ಮೀಟರ್ ಕೆಳಗೆ ಹೊಳೆ ಬದಿಯ ಮೋಟರ್ ಹತ್ತಿರ ಇಲ್ಲ, ನಡುವಿನ ವೈರ್ ತೆಳು. ಅಲ್ಲೇ ತಲೆಗೆ ಹೊಳೆಯಿತು. ಮನೆಗೆ ಬಂದವನೇ ಆಟ ಓಡುತ್ತಿರುವಾಗಲೇ ಕ್ಯಾಸೆಟ್ ಸ್ಲಾಟ್ ಹತ್ತಿರ ಅಳೆದೆ. 4.68 ವೋಲ್ಟ್! ಪೆಟ್ಟಿಗೆಯ ವೈರ್‌ಗಳನ್ನು ಬೋರ್ಡ್‌ಗೆ ಸೇರಿಸುವ ಜಮ್ಮಾ ಕನೆಕ್ಟರ್‌ನಲ್ಲಿ ಒಂದು ಬದಿಗೆ 28ರಂತೆ 56 ಪಿನ್. ಅದರಲ್ಲಿ 5 ವೋಲ್ಟ್‌ಗೆ ನಾಲ್ಕು ಪಿನ್, ಗ್ರೌಂಡ್‌ಗೆ ಮೇಲ್ತುದಿಯಲ್ಲೇ ನಾಲ್ಕು. ನನ್ನ ಹಳೆಯ ವೈರಿಂಗ್‌ನಲ್ಲಿ ಎರಡಕ್ಕೂ ಒಂದೊಂದೇ ತೆಳು ವೈರ್, ಉಳಿದವು ಖಾಲಿ. ಅಷ್ಟೂ ಪಿನ್‌ಗೆ ದಪ್ಪ ವೈರ್ ಎಳೆದ ಮೇಲೆ ಸ್ಲಾಟ್ ಹತ್ತಿರ 4.97 ಬಂತು.

ಒರಿಜಿನಲ್ ಕ್ಯಾಸೆಟ್ 4.68ರಲ್ಲೂ ಓಡಿತಲ್ಲ, ಇದಕ್ಕೇನು ಧಾಡಿ ಅಂತ ನಿಮಗೂ ಅನ್ನಿಸಬಹುದು. ಕಾರಣ ಇದೆ. ಹಳೆಯ ಕ್ಯಾಸೆಟ್‌ನ ಚಿಪ್‌ಗಳು ನೇರ 5 ವೋಲ್ಟ್‌ನವು. ನನ್ನ ಈ ಕ್ಯಾಸೆಟ್‌ನ ಚಿಪ್‌ಗಳು 3.3 ವೋಲ್ಟ್‌ನವು, 5 ವೋಲ್ಟನ್ನು ಇಳಿಸಲು ಒಳಗೆ 1117 ಅನ್ನುವ ಪುಟ್ಟ ರೆಗ್ಯುಲೇಟರ್ ಇದೆ. ಅದಕ್ಕೆ ಕೊಡುವ ವೋಲ್ಟೇಜ್, ಅದು ಹೊರಗೆ ಬಿಡುವುದಕ್ಕಿಂತ ಹತ್ತಿರ ಹತ್ತಿರ 1.2 ವೋಲ್ಟ್ ಜಾಸ್ತಿ ಇರಬೇಕು. ಅಂದರೆ ನಾಲ್ಕೂವರೆ ಅದರ ತಳ. 4.68 ಇದ್ದಾಗ ಆಟ ಒಂದು ಕ್ಷಣ ಜಾಸ್ತಿ ಕರೆಂಟ್ ಎಳೆದರೆ ಮುಗಿಯಿತು. ಅಂಥ ಕ್ಷಣಕ್ಕೆ ಆಸರೆಯಾಗಬೇಕಾದ ಕೆಪಾಸಿಟರ್‌ಗಳ ಜಾಗ ನನ್ನ ಕ್ಯಾಸೆಟ್‌ನಲ್ಲಿ ಖಾಲಿ ಬಿಟ್ಟಿದ್ದರು! ಎರಡು ಪೈಸೆ ಉಳಿಸಲು ಮಾಡಿದ ಈ ಕೆಲಸಕ್ಕೆ ನನಗೆ ಇವತ್ತಿಗೂ ಸಿಟ್ಟು ಇದೆ. ಖಾಲಿ ಜಾಗಕ್ಕೆಲ್ಲ 0.1 ಮೈಕ್ರೊಫ್ಯಾರಡ್ ಸೆರಾಮಿಕ್, 5 ವೋಲ್ಟ್ ಒಳಗೆ ಬರುವಲ್ಲಿ ಎರಡೂ ಬೋರ್ಡ್‌ಗೆ 220 ಮೈಕ್ರೊಫ್ಯಾರಡ್‌ನ ಒಂದೊಂದು ಎಲೆಕ್ಟ್ರೊಲಿಟಿಕ್ ಸೋಲ್ಡರ್ ಮಾಡಿದೆ. ಒಟ್ಟು ಖರ್ಚು 60 ರೂಪಾಯಿ. ಅವತ್ತಿನಿಂದ ಒಂದು ಸಲವೂ ಆಟ ಮಧ್ಯದಲ್ಲಿ ನಿಂತಿಲ್ಲ.

ಹಾಗಂತ ಪವರ್ ಸಪ್ಲೈಯ ತಿರುಪು ತಿರುಗಿಸಿ 5.3, 5.4 ಮಾಡಿ ಸರಿಮಾಡಲು ಹೋಗಬೇಡಿ. ವೈರ್ ಮೊದಲು ನೋಡಿ. ಹಳೆಯ ಬೋರ್ಡ್‌ಗೆ ಜಾಸ್ತಿ ವೋಲ್ಟೇಜ್ ಕೊಟ್ಟು ಏನಾದರೂ ಸುಟ್ಟರೆ ಯಾರೂ ತಂದುಕೊಡುವುದಿಲ್ಲ.

ಈಗ ಗೆರೆಯ ವಿಷಯ. ವೋಲ್ಟೇಜ್ ಸರಿಯಾದ ಮೇಲೂ ಜುಲೈ ಬಂದಾಗ ಗೋಲಿಗೆ ಮತ್ತೆ ಪಟ್ಟೆ ಬಂತು. ಈ ಸಲ ಅಮ್ಮನ ಪಕ್ಕ ಸ್ಟೂಲ್ ಹಾಕಿ ಕೂತು ಸರಿಯಾಗಿ ನೋಡಿದೆ. ಅಂಕ, ಅಕ್ಷರಗಳು ನೆಟ್ಟಗಿವೆ. ಹಾಡು, ಧ್ವನಿ ಎಲ್ಲಾ ಸರಿ. ಗೋಲಿ, ಗೊಂಬೆಗಳ ಮೇಲೆ ಮಾತ್ರ ಗೆರೆ, ಅದೂ ಉದ್ದಕ್ಕೆ, ಒಂದೇ ಅಂತರದಲ್ಲಿ. ಕ್ಯಾಸೆಟ್‌ನ ಎರಡು ಬೋರ್ಡ್‌ಗೆ ಬೇರೆ ಬೇರೆ ಕೆಲಸ. ‘ಪ್ರಾಗ್’ ಅನ್ನುವುದರಲ್ಲಿ ಆಟದ ಪ್ರೋಗ್ರಾಂ ಮತ್ತು ರೆಕಾರ್ಡ್ ಮಾಡಿದ ಧ್ವನಿ. ‘ಚಾ’ ಅನ್ನುವುದರಲ್ಲಿ ಗೊಂಬೆಗಳ ಚಿತ್ರ (ಗೋಲಿಯೂ ಇದರಲ್ಲೇ), ಅಕ್ಷರಗಳು ಮತ್ತು ಸೌಂಡ್ ನಡೆಸುವ ಪ್ರೋಗ್ರಾಂ. ಗೊಂಬೆಗಳ ಚಿತ್ರ ಒಂದು ಸಲಕ್ಕೆ 32 ತಂತಿಯಲ್ಲಿ ಬರುತ್ತದೆ, ಅಂದರೆ ಪರದೆಯ ಎಂಟು ಚುಕ್ಕಿಗೆ (ಪಿಕ್ಸೆಲ್) ನಾಲ್ಕು ನಾಲ್ಕು ತಂತಿ. ಅದರಲ್ಲಿ ಒಂದು ತಂತಿ ಕೈಕೊಟ್ಟರೆ ಎಂಟು ಚುಕ್ಕಿಗೊಂದು ಚುಕ್ಕಿಯ ಬಣ್ಣ ತಪ್ಪುತ್ತದೆ. ಗೋಲಿ ಹದಿನಾರು ಚುಕ್ಕಿ ಅಗಲ. ಅದಕ್ಕೇ ಒಂದೊಂದು ಗೋಲಿಗೆ ಎರಡೆರಡು ಗೆರೆ! ಅಮ್ಮ ಎರಡು ವರ್ಷದಿಂದ ಹೇಳುತ್ತಿದ್ದುದು ಒಂದೇ ಒಂದು ಪಿನ್ ತಾಗುತ್ತಿಲ್ಲ ಅನ್ನುವುದನ್ನೇ.

ಕ್ಯಾಸೆಟ್ ತೆಗೆದು ಬೆಳಕಿಗೆ ಹಿಡಿದರೆ ಚಾ ಬೋರ್ಡ್‌ನ ಪಟ್ಟಿಗಳ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು. ಚಿನ್ನದ ಲೇಪ ತೀರಾ ತೆಳು, ಅದರ ಸಂದಿನಿಂದ ತೇವ ಇಳಿದು ಕೆಳಗಿನ ಲೋಹ ಕಪ್ಪಾಗಿದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯನ್ನೇ ಒಲೆ ಮೇಲೆ ಕಟ್ಟಿ ಒಣಗಿಸುತ್ತೇವೆ. ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು. ಗೋಡೆಗೆ ಹಾಕಿದ ತೇವದ ಮೀಟರ್ ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಪೂರ್ತಿ ಶೇಕಡಾ 90ರ ಮೇಲೇ ನಿಂತಿರುತ್ತದೆ. ಬಯಲುಸೀಮೆಯಲ್ಲಿ ಇದೇ ಕ್ಯಾಸೆಟ್ ಹತ್ತು ವರ್ಷ ಗೆರೆ ಇಲ್ಲದೆ ಓಡಬಹುದು. ನಾನು ಬರೆಯುತ್ತಿರುವುದು ಮಲೆನಾಡಿನವರಿಗೆ, ಕೊಡಗಿನವರಿಗೆ, ಕರಾವಳಿಯವರಿಗೆ.

ಈಗ ನಮ್ಮ ಮನೆಯಲ್ಲಿ ಒಂದು ಪದ್ಧತಿ ಆಗಿದೆ. ರಾತ್ರಿ ಆಟ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಕ್ಯಾಸೆಟನ್ನು ನೆಟ್ಟಗೆ ಮೇಲಕ್ಕೆ ಎತ್ತಬೇಕು, ಅಲ್ಲಾಡಿಸಬಾರದು. ಹಳೆಯ ಸ್ಟೀಲ್ ಕಾಫಿಪುಡಿ ಡಬ್ಬದಲ್ಲಿ ಇಡಬೇಕು. ಡಬ್ಬದ ತಳದಲ್ಲಿ ಬಟ್ಟೆ ಚೀಲದಲ್ಲಿ ನೀಲಿ ಸಿಲಿಕಾ ಜೆಲ್ ಹರಳು. ಹತ್ತು ಹನ್ನೆರಡು ದಿನಕ್ಕೆ ಹರಳು ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅವತ್ತು ಹೊರಗಿನ ಒಲೆಯ ಸಣ್ಣ ಕೆಂಡದ ಮೇಲೆ ಹಳೆಯ ಬಾಣಲೆ ಇಟ್ಟು ಹುರಿಯುವುದು. ಮೊದಲು ಅಂಚಿನ ಹರಳು ನೀಲಿಯಾಗುತ್ತದೆ, ಆಮೇಲೆ ನಡುವಿನದು. ಮಳೆ ಸುರಿಯುತ್ತಿರುವಾಗ ಕೊಟ್ಟಿಗೆ ಬದಿಯಲ್ಲಿ ಕೂತು ಆ ಬಣ್ಣ ತಿರುಗುವುದನ್ನು ನೋಡುವುದು ನನಗೆ ತುಂಬಾ ಇಷ್ಟದ ಕೆಲಸವಾಗಿದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ, ನೀಲಿ ಬಣ್ಣಕ್ಕೆ ಹಾಕುವ ಕೋಬಾಲ್ಟ್ ವಿಷ.

ಪಟ್ಟಿಗಳನ್ನು ತಿಂಗಳಿಗೊಮ್ಮೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸುತ್ತೇನೆ. ಶಾಲೆ ಮಕ್ಕಳ ರಬ್ಬರ್‌ನಲ್ಲಿ ತಿಕ್ಕಿದರೆ ಫಳಫಳ ಹೊಳೆಯುತ್ತದೆ ನಿಜ, ನಾನೂ ಮೊದಲು ಅದನ್ನೇ ಮಾಡಿದೆ. ಆದರೆ ಪ್ರತಿ ಸಲವೂ ಒಂಚೂರು ಚಿನ್ನ ಹೋಗುತ್ತದೆ, ಮುಂದಿನ ಮಳೆಗೆ ಇನ್ನೂ ಬೇಗ ಕಪ್ಪಾಗುತ್ತದೆ. ಒಂದು ಸಲ ಮಾಡಿ, ಮತ್ತೆ ಬೇಡ.

ಹಳೆಯ ಬೋರ್ಡ್ ತಂದವರು ಕ್ಯಾಸೆಟ್ ಬಿಟ್ಟು ಮೊದಲು ಬೋರ್ಡ್‌ನ ಬ್ಯಾಟರಿ ನೋಡಿ. ಎಂವಿ-1ರಲ್ಲಿ 3.6 ವೋಲ್ಟ್‌ನ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ, ಅದು ಸೋರಿ ಸುತ್ತಲಿನ ತಾಮ್ರವನ್ನೆಲ್ಲ ತಿನ್ನುತ್ತದೆ. ನನ್ನದರಲ್ಲಿ ಹಸಿರು ಹಿಡಿದಿತ್ತು. ಕತ್ತರಿಸಿ ತೆಗೆದು, ವಿನಿಗರ್‌ನಲ್ಲಿ ಒರೆಸಿ ತೊಳೆದು, ಸಿಆರ್2032 ಬಟನ್ ಸೆಲ್ ಹಾಕಿದೆ. ಇದು ಚಾರ್ಜ್ ಮಾಡುವ ಸೆಲ್ ಅಲ್ಲ, ಬೋರ್ಡ್ ಅದಕ್ಕೆ ಚಾರ್ಜ್ ಕಳಿಸಲು ನೋಡುತ್ತದೆ. ನಡುವೆ ಡಯೋಡ್ ಒಂದು ಹಾಕಲೇಬೇಕು.

ಇನ್ನೂ ಸರಿಹೋಗದ್ದು ಎರಡು ಇವೆ. ಆಟ ಬದಲಾಯಿಸಲು ನನ್ನ ಕ್ಯಾಸೆಟ್‌ನಲ್ಲಿ ಪವರ್ ಆಫ್ ಮಾಡಿ ಆನ್ ಮಾಡಲೇಬೇಕು, ಆ ಹಳೆ ಮಾನಿಟರ್‌ಗೆ ಅದು ಒಳ್ಳೆಯದಲ್ಲ. ಕೆಲವು ಆಟಗಳಲ್ಲಿ ಸ್ಪೀಕರ್‌ನಿಂದ ಟಪ್ ಅಂತ ಸದ್ದು ಬರುತ್ತದೆ, ಕೆಪಾಸಿಟರ್ ಹಾಕಿದ ಮೇಲೂ ಹೋಗಿಲ್ಲ.

ಸೋಲ್ಡರಿಂಗ್ ಐರನ್ ಹಿಡಿದು ಗೊತ್ತಿಲ್ಲದವರು, ಮಲ್ಟಿಮೀಟರ್ ಇಲ್ಲದವರು ಇದನ್ನು ತಗೊಳ್ಳಬೇಡಿ. ಇಷ್ಟು ದುಡ್ಡಿಗೆ ನಿಮಗಿಷ್ಟದ ಒಂದೋ ಎರಡೋ ಒರಿಜಿನಲ್ ಸಿಕ್ಕರೆ ಅದೇ ನೆಮ್ಮದಿ. ಕೈಕೆಲಸ ಗೊತ್ತಿದ್ದವರಿಗೆ, 8,200ರ ಮೇಲೆ ಒಂದು 500 ರೂಪಾಯಿ ಮತ್ತು ಎರಡು ಭಾನುವಾರ ಹಾಕುವವರಿಗೆ, ನಾನು ಧಾರಾಳವಾಗಿ ತಗೊಳ್ಳಿ ಅನ್ನುತ್ತೇನೆ. ಐದರಲ್ಲಿ ಮೂರೂವರೆ ಸ್ಟಾರ್. ಅಮ್ಮನನ್ನು ಕೇಳಿದರೆ ಐದು. ಅವರು ಸಂಜೆ ದೀಪ ಹಚ್ಚಿ, ಕಾಫಿ ಕುಡಿದು, ಜಗಲಿಗೆ ಬಂದು "ಕ್ಯಾಸೆಟ್ ಹಾಕು ಮಗ" ಅನ್ನುತ್ತಾರೆ. ನಾನು ಕ್ಯಾಸೆಟ್ ಇಳಿಸಿ ಸ್ವಿಚ್ ಹಾಕುವಷ್ಟರಲ್ಲಿ ಸ್ಟೂಲ್ ಎಳೆದುಕೊಂಡು ಕೂತಿರುತ್ತಾರೆ. ಈ ಜುಲೈನಲ್ಲಿ ಅವರ ಗೋಲಿಗೆ ಒಂದು ದಿನವೂ ಪಟ್ಟೆ ಬರಲಿಲ್ಲ.