ಹನ್ನೆರಡು ಟ್ಯೂಬಿನ ಡಬ್ಬಿಯಲ್ಲಿ ನಾಲ್ಕು ಮಾತ್ರ ಪಾಸು

ಜುಲೈನಲ್ಲಿ ಮಲೆನಾಡಿನ ಸಾಗರದ ಕಡೆ ಬಂದು ಸಸಿಮಡಿ ನೋಡಿದವರಿಗೆ ಗೊತ್ತು, ಆ ಹಸಿರಿನಲ್ಲಿ ಮುಕ್ಕಾಲು ಪಾಲು ಹಳದಿಯೇ. ಅದನ್ನು ಕಾಗದಕ್ಕಿಳಿಸಲು ಹೋಗಿ ಎರಡು ಮಳೆಗಾಲ ಬರೀ ಬಗ್ಗಡ ಮಾಡಿದವಳು ನಾನು. ಒಂದು ಸಲವಂತೂ ನಮ್ಮನೆಯವರು ಹಿಂದಿನಿಂದ ಇಣುಕಿ, "ಏನೇ, ಗದ್ದೆಗೆ ಬೆಂಕಿರೋಗ ಬಿದ್ದಿದ್ಯಾ?" ಅಂದರು. ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸುಳ್ಳೇನಲ್ಲ.

ಹೋದ ದೀಪಾವಳಿಗೆ ಕೊಂಡದ್ದು ಈ ಜಲವರ್ಣದ ಡಬ್ಬಿ. ಹನ್ನೆರಡು ಟ್ಯೂಬು, ಒಂದೊಂದರಲ್ಲಿ 5 ಮಿಲಿ. ಮಕ್ಕಳ ಬಿಲ್ಲೆ ಬಣ್ಣಕ್ಕಿಂತ ಒಂದು ಮೆಟ್ಟಿಲು ಮೇಲೆ, ದುಬಾರಿ ಬಣ್ಣಗಳಿಗಿಂತ ಬಹಳ ಕೆಳಗೆ. ಕಂಪನಿ ಹೆಸರು ಬರೆಯುವುದಿಲ್ಲ. ನೀವು ಯಾವುದನ್ನೇ ಕೊಳ್ಳಿ, ಮೊದಲು ಟ್ಯೂಬಿನ ಬೆನ್ನು ನೋಡಿ. ಇದಕ್ಕೆ ನಾನು ಅಂಕ ಕೊಡುವುದೇ ಆ ಬೆನ್ನಿಗೆ. ಯಾವ ವರ್ಣದ್ರವ್ಯ ಹಾಕಿದ್ದಾರೆ ಅಂತ ಕೋಡ್ ಅಚ್ಚು ಹಾಕಿದ್ದಾರೆ, ಇರುವೆ ಗಾತ್ರದ ಅಕ್ಷರದಲ್ಲಿ.

ನನ್ನ ರೋಗಕ್ಕೆ ಕಾರಣ ಸಿಕ್ಕಿದ್ದು ಅಲ್ಲೇ. ಡಬ್ಬಿಯಲ್ಲಿ ಎರಡು ನೀಲಿ ಇವೆ. ಪಿಬಿ 29 ಅಂದರೆ ಅಲ್ಟ್ರಾಮರೀನ್, ಅದು ಕೆಂಪಿನ ಕಡೆ ವಾಲುತ್ತದೆ. ಪಿಬಿ 15 ಅಂದರೆ ಥ್ಯಾಲೊ, ಅದು ಹಸಿರಿನ ಕಡೆ. ನಾನು ಇಷ್ಟು ದಿನ ಲೆಮನ್ ಯೆಲ್ಲೋಗೆ ಬೆರೆಸುತ್ತಿದ್ದದ್ದು ಅಲ್ಟ್ರಾಮರೀನ್. ಅದರ ಜೊತೆಗೇ ಗೊತ್ತಾಗದಂತೆ ಕೆಂಪೂ ಒಳಗೆ ಬರುತ್ತಿತ್ತು. ಹಳದಿ, ನೀಲಿ, ಕೆಂಪು ಮೂರೂ ಕೂಡಿದ ಮೇಲೆ ಹಸಿರು ಮಂಕಾಗದೆ ಇನ್ನೇನು?

ಈಗ ಪಿಂಗಾಣಿ ತಟ್ಟೆಯಲ್ಲಿ ಲೆಮನ್ ಯೆಲ್ಲೋ ಹೆಸರುಕಾಳಿನಷ್ಟು ಹಿಂಡಿ ನೀರು ಮಾಡಿಕೊಳ್ಳುತ್ತೇನೆ. ಥ್ಯಾಲೊ ಕುಂಚದ ತುದಿಗೆ ತಾಗಿದರೆ ಸಾಕು. ಅದು ಅಡುಗೆಯ ಇಂಗು ಇದ್ದ ಹಾಗೆ, ಚಿಟಿಕೆ ಜಾಸ್ತಿಯಾದರೆ ಪಾತ್ರೆ ಪೂರ್ತಿ ಅದೇ. ಹಾಗಾಗಿ ಹಳದಿಗೆ ನೀಲಿ ಸೇರಿಸಬೇಕು, ನೀಲಿಗೆ ಹಳದಿಯಲ್ಲ. ಒದ್ದೆಯಿದ್ದಾಗ ಕಣ್ಣಿಗೆ ಹೊಡೆಯುವಂತಿದ್ದದ್ದು ಒಣಗಿದ ಮೇಲೆ ತಿಳಿಯಾಗಿ ಸಸಿಮಡಿಯೇ ಆಯಿತು. ನಮ್ಮನೆಯವರು ಈ ಸಲ ಏನೂ ಅನ್ನಲಿಲ್ಲ, ಅದೇ ಸರ್ಟಿಫಿಕೇಟು.

ಅಲ್ಟ್ರಾಮರೀನನ್ನು ಬೈದೆ ಅಂತ ಬಿಸಾಡಬೇಡಿ. ಒಂದು ಕಾಲಕ್ಕೆ ಅಫ್ಘಾನಿಸ್ತಾನದ ಕಲ್ಲು ಅರೆದು ತೆಗೆಯುತ್ತಿದ್ದ ನೀಲಿ ಇದು, ಚಿನ್ನದಷ್ಟು ತುಟ್ಟಿ. 1820ರ ದಶಕದಲ್ಲಿ ಫ್ರಾನ್ಸಿನವರು ಕಾರ್ಖಾನೆಯಲ್ಲಿ ಮಾಡಲು ಕಲಿತರು. ಆಮೇಲೆ ಬಿಳಿ ಬಟ್ಟೆ ಒಗೆಯುವ ನೀಲಿಪುಡಿಗೂ ಇಳಿದು ಬಂತು. ಇದಕ್ಕೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬಣ್ಣ ಕೂಡಿಸಿದರೆ ಆಷಾಢದ ಮೋಡ ಸಿಗುತ್ತದೆ. ಒರಟು ಕಾಗದವಾದರೆ ನೀಲಿಯ ಕಣಗಳು ಕಾಗದದ ಕುಳಿಗಳಲ್ಲಿ ಕೂತು, ಸಿಯೆನಾ ಅವುಗಳ ಸುತ್ತ ಹರಡಿಕೊಂಡು, ಬಣ್ಣ ಮರಳು ಮರಳಾಗಿ ನಿಲ್ಲುತ್ತದೆ. ಸಿಯೆನಾ ಸ್ವಲ್ಪ ಹೆಚ್ಚು ಮಾಡಿದರೆ ಅದೇ ಮಿಶ್ರಣ ಮಳೆಯಲ್ಲಿ ನೆಂದ ಹಂಚು. ಡಬ್ಬಿಯಲ್ಲಿರುವ ಕಪ್ಪು ಟ್ಯೂಬಿನ ಮುಚ್ಚಳ ನಾನಿನ್ನೂ ತೆಗೆದಿಲ್ಲ.

ಲೆಮನ್ ಯೆಲ್ಲೋ, ಎರಡು ನೀಲಿ, ಸಿಯೆನಾ. ನನ್ನ ಲೆಕ್ಕದಲ್ಲಿ ಪಾಸಾದದ್ದು ಇಷ್ಟೇ.

ಕ್ರಿಮ್ಸನ್ ಕೆಂಪು ಮಾತ್ರ ಮೋಸ. ಬೆನ್ನ ಮೇಲೆ ಪಿಆರ್ 83 ಅಂತಿದೆ, ಬಿಸಿಲು ತಡೆಯದ ಹಳೇ ಅಲಿಝರಿನ್ ಅದು. ತೆಳುವಾಗಿ ಬಳಿದ ಪಟ್ಟಿಯ ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ಸಂಕ್ರಾಂತಿಯಿಂದ ಯುಗಾದಿಯವರೆಗೆ ಕಿಟಕಿಗೆ ಅಂಟಿಸಿಟ್ಟೆ. ರಟ್ಟು ತೆಗೆದರೆ ನಡುವೆ ಗೆರೆ ಎಳೆದ ಹಾಗೆ ಬಣ್ಣ ಮಾಸಿತ್ತು. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಇದನ್ನು ಹಚ್ಚಬೇಡಿ. ಕ್ವಿನಾಕ್ರಿಡೋನ್ ಪಿವಿ 19 ಇರುವ ಗುಲಾಬಿಗೆಂಪನ್ನು ಬಿಡಿಯಾಗಿ ಕೊಂಡರೆ ಒಳ್ಳೆಯದು, ನಾನು ಹಾಗೇ ಮಾಡಿದೆ. ಬಿಳಿ ಸೇರಿಸಿದರೆ ಏನು ಬೆರೆಸಿದರೂ ಮಜ್ಜಿಗೆ. ಕಿತ್ತಳೆ ಟ್ಯೂಬ್ ಒತ್ತಿದಾಗ ಮೊದಲು ಬರೀ ಅಂಟುನೀರು ಬಂತು, ಹಲ್ಲುಕಡ್ಡಿ ತೂರಿಸಿ ಕಲಕಬೇಕಾಯಿತು.

ಸ್ಯಾಪ್ ಗ್ರೀನ್ ಬೆನ್ನ ಮೇಲೆ ಮೂರು ಕೋಡ್ ಇವೆ, ಅಂದರೆ ಅವರೇ ಮೂರು ಬಣ್ಣ ಬೆರೆಸಿ ಕೊಟ್ಟಿದ್ದಾರೆ. ಅದಕ್ಕೆ ನಾನೂ ಎರಡು ಬೆರೆಸಿದರೆ ಐದಾಗಿ ಮತ್ತೆ ಅದೇ ರಾಡಿ. ಅದನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟೆ. ಅವನು ಏನೂ ಬೆರೆಸದೆ, ಟ್ಯೂಬಿನಿಂದ ನೇರ ಹಿಂಡಿಕೊಂಡು ಒಂದು ಗಿಳಿ ಬರೆದ. ಚೆನ್ನಾಗಿಯೇ ಇದೆ.