ಹಾಸನದ ಮರೂನ್ ಬೆರೆಟ್ ಕಿಟ್: ಉಣ್ಣೆ ಅಪ್ಪಟ, ಬ್ಯಾಡ್ಜ್ ಬೇರೆಯವರದು

ಮನೆಯ ಹುಡುಗ ವಿಮಾನದಿಂದ ಜಿಗಿದು ಹೋರಾಡುವ ಸೇನಾಪಡೆಯಾದ ಪ್ಯಾರಾಚೂಟ್ ರೆಜಿಮೆಂಟಿನಲ್ಲಿದ್ದರೆ ಅವನದೊಂದು ಟೋಪಿ ಪಡಸಾಲೆ ಗೋಡೆಯ ಮೇಲಿರಲಿ ಎಂದು ಮನೆಯವರಿಗೆ ಆಸೆ ಇರುತ್ತದೆ. ಅಂಥವರಿಗೆಂದೇ ಹಾಸನ ಪೇಟೆಯಲ್ಲಿ ಒಂದು ಕಿಟ್ ಮಾರುತ್ತಾರೆ: ಆ ರೆಜಿಮೆಂಟಿನವರ ಮರೂನ್ ಬೆರೆಟ್ (ಮೆತ್ತನೆಯ ದುಂಡು ಟೋಪಿ), ಲೋಹದ ಬ್ಯಾಡ್ಜ್, ಗಾಜಿನ ಫ್ರೇಮ್, ಜೊತೆಗೆ ರೆಜಿಮೆಂಟಿನ ಇತಿಹಾಸ ಅಚ್ಚಾದ ಕನ್ನಡದ ಕಾರ್ಡ್. ಎಲ್ಲ ಸೇರಿ 1,200 ರೂಪಾಯಿ, ಬೆರೆಟ್ ಮಾತ್ರ ಸಾಕೆಂದರೆ 450. ಅಂಗಡಿಯ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳಬೇಕಾದದ್ದು ಕಿಟ್ಟಿನ ವಿಷಯ.

ಬೆರೆಟ್ ನಿಜಕ್ಕೂ ಒಳ್ಳೆಯದು. ಒಳಗಂಚಿನಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡಿದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಂದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಅದಕ್ಕೆ ಎಷ್ಟು ನೀರು ಕುಡಿಸಿದರೂ ಆಕಾರ ನಿಲ್ಲುವುದಿಲ್ಲ, ದೋಸೆಯ ಹಾಗೆ ತಲೆ ಮೇಲೆ ಹರಡಿಕೊಳ್ಳುತ್ತದೆ. ಬಣ್ಣ ನೋಡುವಾಗ ಟ್ಯೂಬ್‌ಲೈಟ್ ನಂಬಬೇಡಿ. ಪಕ್ಕದಲ್ಲೇ ಮಿಲಿಟರಿ ಪೊಲೀಸರ ಕೆಂಪು ಬೆರೆಟ್ ಕೂಡ ಇಟ್ಟಿರುತ್ತಾರೆ, ಆ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬಾಗಿಲಿಗೆ ತಂದು ಹಗಲಲ್ಲಿ ನೋಡಿ. ಈ ಮರೂನ್ 1942ರಲ್ಲಿ ಬ್ರಿಟಿಷ್ ಸೇನೆಯ ವಿಮಾನದಿಂದಿಳಿಯುವ ಪಡೆಗಳ ತಲೆಗೇರಿದ ಬಣ್ಣ. ಆಮೇಲೆ ಹಲವು ದೇಶಗಳ ಪ್ಯಾರಾಗಳು (ಪ್ಯಾರಾಚೂಟ್ ಸೈನಿಕರು) ಅದನ್ನೇ ತಮ್ಮದಾಗಿಸಿಕೊಂಡರು.

ಅಳತೆಗೆ ಹುಬ್ಬಿನಿಂದ ಒಂದು ಬೆರಳು ಮೇಲೆ ಟೇಪು ಸುತ್ತಿಸಿ. 57 ಸೆಂ.ಮೀ. ಬಂದರೆ 57ನ್ನೇ ಕೊಳ್ಳಿ. ಹೊಸ ಬೆರೆಟನ್ನು ಹಾಗೇ ಫ್ರೇಮಿಗೆ ಹಾಕಿದರೆ ಉಬ್ಬಿದ ಚೀಲದಂತೆ ಕಾಣುತ್ತದೆ, ಮೊದಲು ಅದನ್ನು ಕೂರಿಸಬೇಕು. ಕೈ ತಡೆಯುವಷ್ಟು ಬಿಸಿಯ ನೀರಿನಲ್ಲಿ ಬಟ್ಟೆಯನ್ನಷ್ಟೇ ಅದ್ದಿ, ಚರ್ಮದ ಅಂಚು ಒದ್ದೆಯಾಗಬಾರದು. ಕುದಿನೀರು ಹಾಕಿದರೆ, ಇಲ್ಲವೇ ತಿಕ್ಕಿದರೆ ಉಣ್ಣೆಯೆಳೆಗಳು ಒಂದಕ್ಕೊಂದು ಕಚ್ಚಿಕೊಂಡು 57 ಇದ್ದದ್ದು 55 ಆಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಹಿಂಡಬೇಡಿ, ಟವೆಲಿನಲ್ಲಿಟ್ಟು ಒತ್ತಿ. ಅಂಚು ಹಣೆಗೆ ಸಮವಾಗಿ, ಬ್ಯಾಡ್ಜಿನ ಗಟ್ಟಿ ಪಟ್ಟಿ ಎಡಗಣ್ಣಿನ ನೇರಕ್ಕೆ ಬರುವಂತೆ ತಲೆಗಿಟ್ಟು, ಉಳಿದ ಬಟ್ಟೆಯನ್ನು ಬಲಗಿವಿಯ ಕಡೆ ಎಳೆದು ಅಂಗೈಯಿಂದ ನೇವರಿಸಿ. ಅರ್ಧ ಗಂಟೆ ತಲೆಯ ಮೇಲೇ ಇರಲಿ. ಆಮೇಲೆ ಬೋರಲು ಹಾಕಿದ ಪಾತ್ರೆಯ ಮೇಲೆ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಣ್ಣ ಮಂಕಾಗುತ್ತದೆ. ಪೂರ್ತಿ ಒಣಗಿದ ಮೇಲೆ ಹೊಸ ರೇಜರ್‌ನಿಂದ ಒಂದೇ ದಿಕ್ಕಿಗೆ, ಭಾರ ಹಾಕದೆ ನವಿರು ಜುಂಗು ತೆಗೆಯಿರಿ. ಬ್ಯಾಡ್ಜ್ ಪಟ್ಟಿಯ ಅಂಚಿನಲ್ಲಿ ಜೋಪಾನ, ತೂತು ಬೀಳುವುದು ಅಲ್ಲೇ.

ಇನ್ನು ಬ್ಯಾಡ್ಜ್. ಕಿಟ್ಟಿನಲ್ಲಿ ಬರುವುದು ಕೆಳಮುಖದ ಕಠಾರಿ, ಮೇಲಕ್ಕೆ ಚಾಚಿದ ರೆಕ್ಕೆ, ಅಡ್ಡಪಟ್ಟಿಯಲ್ಲಿ ದೇವನಾಗರಿಯ ‘ಬಲಿದಾನ’. 2019ರ ವಿಶ್ವಕಪ್‌ನಲ್ಲಿ ಧೋನಿಯ ಗ್ಲೌಸ್ ಮೇಲೆ ಕಂಡ ಮೇಲೆ ಎಲ್ಲರೂ ಇದನ್ನೇ ಕೇಳುತ್ತಾರೆ, ಅಂಗಡಿಯವರೂ ಇದನ್ನೇ ಕೊಡುತ್ತಾರೆ. ಆದರೆ ಇದು ರೆಜಿಮೆಂಟಿನ ಕಮಾಂಡೊ ಕವಲಾದ ಸ್ಪೆಷಲ್ ಫೋರ್ಸಸ್‌ನವರ ಗುರುತು. ಬೆರೆಟ್ ಮೇಲೆ ಕೂರಬೇಕಾದ ರೆಜಿಮೆಂಟಿನ ಬ್ಯಾಡ್ಜೇ ಬೇರೆ: ಬಿಚ್ಚಿದ ಪ್ಯಾರಾಚೂಟ್, ಅದರ ಮುಂದೆ ಕಠಾರಿ, ಹಿಡಿಯಿಂದ ಚಾಚಿದ ರೆಕ್ಕೆ, ಎಲ್ಲ ಬೆಳ್ಳಿ ಬಣ್ಣದ್ದು. ಕೇಳಿದರೆ ಒಳಗಿನಿಂದ ತೆಗೆದು, ಹೆಚ್ಚು ಹಣ ಕೇಳದೆ ಬದಲಿಸಿ ಕೊಡುತ್ತಾರೆ. ಜಿಗಿತದ ರೆಕ್ಕೆಯ ಬ್ಯಾಡ್ಜಿನದು ಮತ್ತೊಂದು ಲೆಕ್ಕ. ಅದು ಆಗ್ರಾದಲ್ಲಿ ಐದು ಜಿಗಿತ ಮುಗಿಸಿದವರಿಗೆ ಸಿಗುವುದು, ಅದರಲ್ಲಿ ಒಂದು ರಾತ್ರಿಯದು. ಬೆರೆಟ್ ಸಿಗುವುದು ತಾವಾಗಿ ಮುಂದೆ ಬಂದು ಪ್ರೊಬೇಷನ್ (ಪರೀಕ್ಷಾ ಅವಧಿ) ದಾಟಿದವರಿಗೆ. ತಿಂಗಳುಗಟ್ಟಲೆ ನಿದ್ದೆಗೆಟ್ಟು, ಭಾರ ಹೊತ್ತು 10, 20, 30, 40 ಕಿ.ಮೀ. ಓಡುನಡಿಗೆ ಮಾಡಿ ಸಂಪಾದಿಸಿದ್ದು ಅದು. ಗೋಡೆಗೆ ಹಾಕುವವರು ಇಷ್ಟಾದರೂ ಸರಿಯಾಗಿ ಹಾಕಬೇಕು. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಹೊರಗಿನವರು ಇಂಥದ್ದನ್ನು ಧರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ, ಮೂರು ತಿಂಗಳವರೆಗೆ ಜೈಲು. ಅಂಗಡಿಯವರು ಇದನ್ನೊಂದು ಮಾತು ಹೇಳಿಯೇ ಮಾರಬೇಕು.

ಕಾರ್ಡ್ ಬೇಸರ ತರಿಸುತ್ತದೆ. ಕಾಗದ, ಅಚ್ಚು ಚೆನ್ನಾಗಿದೆ, ಆದರೆ ಕಥೆ 1952ರಿಂದ ಶುರುವಾಗುತ್ತದೆ. ರೆಜಿಮೆಂಟ್ ಕಟ್ಟಿದ್ದು 1952ರ ಏಪ್ರಿಲ್ 15ರಂದು ಎನ್ನುವುದು ಸರಿಯೇ. ಆದರೆ ಅದರ ಬೇರು ಇನ್ನೂ ಹಿಂದಿನದು: 50ನೇ ಪ್ಯಾರಾಚೂಟ್ ಬ್ರಿಗೇಡ್ ದೆಹಲಿಯಲ್ಲಿ ರೂಪುಗೊಂಡದ್ದು 1941ರ ಅಕ್ಟೋಬರಿನಲ್ಲಿ. ಪ್ಯಾರಾಚೂಟ್ ಕಟ್ಟಿ ವಿಮಾನದಿಂದ ಜಿಗಿದ ಮೊದಲ ಭಾರತೀಯ ಸೈನಿಕರು ಆ ಬ್ರಿಗೇಡಿನ 152ನೇ ಬೆಟಾಲಿಯನ್ನಿನ ವೈದ್ಯ ಎ.ಜಿ. ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. 1944ರ ಮಾರ್ಚಿನಲ್ಲಿ, ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆ ನುಗ್ಗಿ ಬಂದಾಗ, ಮಣಿಪುರದ ಸಂಗ್‌ಶಾಕ್‌ನಲ್ಲಿ ಇದೇ ಬ್ರಿಗೇಡ್ ಪ್ಯಾರಾಚೂಟ್ ಇಲ್ಲದೆ ನೆಲದ ಮೇಲೆ ನಿಂತು ಹೋರಾಡಿತು. ಕುಡಿಯುವ ನೀರಿಗೆ ತತ್ವಾರ, ವಿಮಾನದಿಂದ ಬಿಟ್ಟ ಸಾಮಾನಿನಲ್ಲಿ ಬಹುಪಾಲು ಜಪಾನಿಯರ ಕಡೆಗೆ ಬೀಳುತ್ತಿತ್ತು. ಆದರೂ ಆ ತಡೆಯಿಂದ ಕೊಹಿಮಾದ ರಕ್ಷಣೆಗೆ ತಯಾರಾಗಲು ದಿನಗಳು ಸಿಕ್ಕವು. ಅದೇ ರಂಗರಾಜ್ 1951ರ ಮಾರ್ಚಿನಲ್ಲಿ ಕೊರಿಯಾದ ಮುನ್ಸಾನ್‌ನಲ್ಲಿ ಸೇನೆಯ ವೈದ್ಯಕೀಯ ಘಟಕವಾದ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸಿನ ತಂಡದೊಂದಿಗೆ ಜಿಗಿದು ಗಾಯಾಳುಗಳನ್ನು ಉಪಚರಿಸಿದರು, ಮಹಾವೀರ ಚಕ್ರ ಪಡೆದರು. ಕಾರ್ಡಿನಲ್ಲಿ ಈ ಡಾಕ್ಟರ ಹೆಸರೇ ಇಲ್ಲ.

ಇದ್ದದ್ದರಲ್ಲೂ ಒಂದು ತಪ್ಪಿದೆ. 1971ರ ಬಾಂಗ್ಲಾ ಯುದ್ಧದಲ್ಲಿ ಡಿಸೆಂಬರ್ 11ರಂದು ನಡೆದ ಟಾಂಗೈಲ್ ಜಿಗಿತವನ್ನು ‘ಕಮಾಂಡೊ ದಾಳಿ’ ಎಂದು ಅಚ್ಚು ಮಾಡಿದ್ದಾರೆ. ಇಳಿದದ್ದು 2ನೇ ಪ್ಯಾರಾ ಬೆಟಾಲಿಯನ್, ಮರಾಠಾ ಲೈಟ್ ಇನ್‌ಫಂಟ್ರಿಯಿಂದ ಬಂದದ್ದು; ಆ ಇನ್‌ಫಂಟ್ರಿಯ ಕೇಂದ್ರ ನಮ್ಮ ಬೆಳಗಾವಿ. ಪೂಂಗ್ಲಿ ಸೇತುವೆ ಹಿಡಿದು, ಮೈಮನ್‌ಸಿಂಗ್‌ನಿಂದ ಢಾಕಾದತ್ತ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಬ್ರಿಗೇಡಿಗೆ ಅಡ್ಡಗಟ್ಟಿದವರು ಇವರು. ಕಮಾಂಡೊ ಕವಲು ಬೇರೆ: 1965ರ ಯುದ್ಧದಲ್ಲಿ ಮೇಜರ್ ಮೇಘ್ ಸಿಂಗ್ ಕಟ್ಟಿದ ಮೇಘದೂತ್ ಪಡೆಯಿಂದ ಬೆಳೆದು 1966ರಲ್ಲಿ 9ನೇ ಪ್ಯಾರಾ ಆಯಿತು. ತಪ್ಪು ಕಾರ್ಡಿನ ಬದಲು ಹುಡುಗನ ಬೆಟಾಲಿಯನ್ ಸಂಖ್ಯೆ, ಸೇರಿದ ವರ್ಷವನ್ನು ದುಂಡಗೆ ಬರೆದು ಅಂಟಿಸುವುದೇ ಮೇಲು. 1992ರಿಂದ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ, ಆ ಸಾಲೂ ಅದರಲ್ಲಿರಲಿ.

ಫ್ರೇಮಿನ ಮರ ಗಟ್ಟಿ, ಆದರೆ ಹಿಂಬದಿಯ ಹಲಗೆಗೆ ಗಾಳಿಯಾಡಲು ತೂತಿಲ್ಲ. ಬಯಲುಸೀಮೆಯ ಅರಸೀಕೆರೆಗೆ ಅಡ್ಡಿಯಿಲ್ಲ. ಸಕಲೇಶಪುರ, ಮೂಡಿಗೆರೆಯ ಮಳೆಗಾಲಕ್ಕೆ ಆಗದು, ಆಗಸ್ಟ್ ಹೊತ್ತಿಗೆ ಚರ್ಮದ ಅಂಚಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ಕೊಳ್ಳುವಾಗಲೇ ಹಿಂದೆ ನಾಲ್ಕು ಸಣ್ಣ ತೂತು ಕೊರೆಸಿ, ಒಳಗೆ ಎರಡು ಸಿಲಿಕಾ ಪೊಟ್ಟಣ, ನುಸಿಗೆ ಒಂದೆರಡು ಕರ್ಪೂರದ ಬಿಲ್ಲೆ ಬಟ್ಟೆಯಲ್ಲಿ ಕಟ್ಟಿ ಇಡಿ. ಹೊರಗೋಡೆಗೆ ನೇತು ಹಾಕಬೇಡಿ, ಒಳಗೋಡೆಗೆ ಹಾಕಿ.