ಅರಣ್ಯ ಹಕ್ಕು ಅರ್ಜಿ: ಮಲೆನಾಡಿನಲ್ಲಿ ಈ ಸೇವೆ ಎಷ್ಟು ಕೆಲಸಕ್ಕೆ ಬರುತ್ತದೆ?

ಅರಣ್ಯವಾಸಿಗಳಿಗೆ ಆದ ಚಾರಿತ್ರಿಕ ಅನ್ಯಾಯವನ್ನು ಸರಿಪಡಿಸುತ್ತೇವೆ ಎಂದು 2006ರ ಅರಣ್ಯ ಹಕ್ಕು ಕಾಯ್ದೆಯ ಪೀಠಿಕೆಯಲ್ಲೇ ಬರೆದಿದೆ. ಕಾಡಿನಲ್ಲಿ ಸಾಗುವಳಿ ಮಾಡಿದ ನೆಲಕ್ಕೆ, ಕಾಡಿನ ಬಳಕೆಗೆ ಹಕ್ಕು ಕೊಡುವ ಈ ಕಾಯ್ದೆ ಒಳ್ಳೆಯದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಊರುಗಳಲ್ಲಿ ಅದು ಅರ್ಜಿಯ ರೂಪದಲ್ಲಿ ಕೈಗೆ ಬರುವಾಗ ಮಾತ್ರ ಬಡವರ ನಡುವೆಯೇ ಮನಸ್ತಾಪ ತರುತ್ತಿದೆ.

ಹಸಲರು, ಗೌಡಲು ಪರಿಶಿಷ್ಟ ಪಂಗಡದವರು. ಕಾಡನ್ನೇ ನಂಬಿ ಬದುಕಿದ ಅವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಸಾಗುವಳಿ ತೋರಿಸಿದರೆ ಸಾಕು. ಬೇಲಿಯಾಚೆಯ ದೀವರು, ದಲಿತರು 'ಇತರೆ ಪಾರಂಪರಿಕ ಅರಣ್ಯವಾಸಿಗಳು'. ಆ ದಿನಾಂಕದಿಂದ ಹಿಂದಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ಬಾಳಿದ್ದಕ್ಕೆ ಅವರು ಸಾಕ್ಷಿ ಕೊಡಬೇಕು. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡು 1960ರ ಆಸುಪಾಸಿನಲ್ಲಿ ಗುಡ್ಡ ಹತ್ತಿದ ಮುಳುಗಡೆಯವರು 1930ರ ಕಾಗದ ಎಲ್ಲಿಂದ ತರಬೇಕು?

ಆದರೂ 'ಅವರಿಗೆ ಸಿಕ್ಕಿದ್ದರಿಂದ ನಮಗೆ ತಪ್ಪಿತು' ಅನ್ನುವ ಮಾತು ಸುಳ್ಳು. ಸಿಗುವ ನೆಲದ ಮಿತಿ ಎಲ್ಲರಿಗೂ 4 ಹೆಕ್ಟೇರ್. ಪಂಗಡದವರ ಹಕ್ಕುಪತ್ರ ಬೇರೆಯವರ ಪಾಲಿನಿಂದ ಕತ್ತರಿಸಿ ಕೊಟ್ಟದ್ದಲ್ಲ. ಜಗಳಕ್ಕೆ ಕಾರಣ ಸಾಕ್ಷಿಯ ಭಾರ. ಆ 75 ವರ್ಷವೂ ವಾಸ ಮತ್ತು ಅವಲಂಬನೆಯದ್ದು, ಅದೇ ತುಂಡು ನೆಲದ ಸಾಗುವಳಿಯದ್ದಲ್ಲ. ಇದನ್ನು ಅರ್ಜಿದಾರರಿಗೆ ಬಿಡಿಸಿ ಹೇಳುವವರು ಕಡಿಮೆ.

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ದಾಖಲೆಯಲ್ಲೇ. ಕಾಯ್ದೆಯ ನಿಯಮ 13ರ ಪ್ರಕಾರ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು, ಆದರೆ ಎಲ್ಲವೂ ಸರ್ಕಾರಿ ಕಾಗದವೇ ಆಗಬೇಕೆಂದಿಲ್ಲ. ಹಳೆಯ ಬಾವಿ, ಸ್ಮಶಾನ, ಚೌಡಿ ಬನ, ಕಟ್ಟಿದ ಬದು, ವಂಶವೃಕ್ಷ, ಅರ್ಜಿದಾರರಲ್ಲದ ಹಿರಿಯರ ಬರಹದ ಹೇಳಿಕೆ, ಎಲ್ಲವೂ ನಡೆಯುತ್ತದೆ. ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿ ಸ್ಥಳಕ್ಕೆ ಬಂದಾಗ ಬಾವಿ, ಬನಗಳನ್ನು ಮಹಜರಿನಲ್ಲಿ ಬರೆಸಿಯೇ ಕಳಿಸಿ. ಬಾಯಿಮಾತು ಅದರ ಮೇಲಿನ ಉಪವಿಭಾಗ ಸಮಿತಿಯವರೆಗೆ ತಲುಪುವುದಿಲ್ಲ. ಇನ್ನೊಂದು ಮಾಮೂಲಿ ತಪ್ಪು, ಅರಣ್ಯ ಜಮೀನಿಗೆ ಬಗರ್‌ಹುಕುಂನ ಸಕ್ರಮ ಅರ್ಜಿ, ನಮೂನೆ 57, ಹಾಕಿರುವುದು. ಅದು ಕಂದಾಯ ಭೂಮಿಗೆ. ಕಾಡಿನ ಸರ್ವೆ ನಂಬರಿಗೆ ನಡೆಯದು.

ಅರ್ಜಿಯ ಮೇಲೆ ಠರಾವು ಮಾಡುವ ಗ್ರಾಮಸಭೆಯಲ್ಲಿ ಅರ್ಧದಷ್ಟು ಸದಸ್ಯರು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಸಹಿ ಪುಸ್ತಕ ಮನೆಮನೆಗೆ ತಿರುಗಿಸಿ ಮುಗಿಸಿದ ಠರಾವು ಮೇಲೆ ಹೋದಾಗ ಬಿದ್ದುಹೋಗುತ್ತದೆ.

ತಿರಸ್ಕಾರವಾದರೆ ಕಾರಣ ಬರೆದ ಹಿಂಬರಹ ಕೇಳಿ ಪಡೆಯಿರಿ, 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಿ. ಬರೀ ಉಪಗ್ರಹ ಚಿತ್ರ ತೋರಿಸಿ 'ಸಾಗುವಳಿ ಇಲ್ಲ' ಅಂದರೆ ಒಪ್ಪಬೇಡಿ. ಆ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕ ಅಷ್ಟೆ.

ನಮ್ಮ ಸಲಹೆ: ವೈಯಕ್ತಿಕ ಅರ್ಜಿಯ ನಮೂನೆ 'ಎ' ಜೊತೆಗೇ ಇಡೀ ಊರಿನ ಹೆಸರಲ್ಲಿ ನಮೂನೆ 'ಬಿ', 'ಸಿ' ಹಾಕಿ. ಉಪ್ಪಾಗೆ, ಮುರುಗಲು, ಜೇನು, ಸೀಗೆ ತರುವ ಕಾನು ಎಲ್ಲ ಜಾತಿಯವರದ್ದೂ ಹೌದು. ಅದರ ಹಕ್ಕು ಗ್ರಾಮಸಭೆಗೆ ಬಂದರೆ ಹಸಲರ ಹೆಂಗಸೂ ದೀವರ ಹೆಂಗಸೂ ಒಂದೇ ಠರಾವಿಗೆ ಸಹಿ ಹಾಕಬಹುದು.